ನಗೆಯ ಡೇರೆಯೊಳಗೊಂದು ಯುದ್ಧ: 'ಮ್ಯಾಶ್' ತೆರೆಮರೆಯ ಕತೆ

ಅಮೆರಿಕದ ನಟಿ ಲೊರೆಟ್ಟಾ ಸ್ವಿಟ್ 2025ರ ಮೇ 30ರಂದು ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅವರಿಗೆ 87 ವರ್ಷ ವಯಸ್ಸಾಗಿತ್ತು. ರಂಗಭೂಮಿ ಹಾಗೂ ಚಲನಚಿತ್ರಗಳಲ್ಲೂ ದುಡಿದಿದ್ದ ಅವರನ್ನು ಮಾಧ್ಯಮಗಳು ನೆನಪಿಸಿಕೊಂಡದ್ದು ಮುಖ್ಯವಾಗಿ ಒಂದೇ ಪಾತ್ರದ ಮೂಲಕ: ಕೊರಿಯಾ ಯುದ್ಧಭೂಮಿಯ ಆಸ್ಪತ್ರೆಯೊಂದರ ಮುಖ್ಯ ನರ್ಸ್ ಮೇಜರ್ ಮಾರ್ಗರೆಟ್ ಹುಲಿಹಾನ್. ಆ ಪಾತ್ರವಿದ್ದ 'ಮ್ಯಾಶ್' ಧಾರಾವಾಹಿ ಮುಗಿದು ಆ ವೇಳೆಗೆ 42 ವರ್ಷ ಸಂದಿದ್ದವು. ಸ್ವಿಟ್ ತೀರಿಕೊಂಡ 26 ದಿನಗಳ ನಂತರ, ಜೂನ್ 25ರಂದು, ಕೊರಿಯಾ ಯುದ್ಧ ಆರಂಭವಾಗಿ 75 ವರ್ಷ ತುಂಬಿತು. ಅಮೆರಿಕದವರೇ 'ಮರೆತುಹೋದ ಯುದ್ಧ' ಎಂದು ಕರೆಯುವ ಆ ಕದನ ಸಾಮಾನ್ಯ ವೀಕ್ಷಕರ ನೆನಪಿನಲ್ಲಿ ಅಷ್ಟಿಷ್ಟಾದರೂ ಉಳಿದಿದ್ದರೆ ಅದಕ್ಕೆ ಇತಿಹಾಸದ ಪುಸ್ತಕಗಳಿಗಿಂತ ಈ ಹಾಸ್ಯ ಧಾರಾವಾಹಿಯೇ ಹೆಚ್ಚು ಕಾರಣವೆನ್ನಬೇಕು.

ವಿಚಿತ್ರವೆಂದರೆ, ಕೊರಿಯಾದ ಹೆಸರಿನಲ್ಲಿ ಆ ಧಾರಾವಾಹಿ ಮಾತನಾಡುತ್ತಿದ್ದುದು ಬೇರೊಂದು ಯುದ್ಧದ ಬಗ್ಗೆ. ಅದರ ಮೊದಲ ಕಂತು ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದದ್ದು 1972ರ ಸೆಪ್ಟೆಂಬರ್ 17ರಂದು. ಆಗ ಅಮೆರಿಕದ ಸೈನಿಕರು ವಿಯೆಟ್ನಾಂನಲ್ಲಿದ್ದರು. ಕಡ್ಡಾಯ ಸೇನಾ ಭರ್ತಿ ಇನ್ನೂ ಜಾರಿಯಲ್ಲಿತ್ತು. ಸಂಜೆಯ ವಾರ್ತೆಯಲ್ಲಿ ಹೆಣಗಳನ್ನು ಕಂಡ ಕುಟುಂಬವೇ ಸ್ವಲ್ಪ ಹೊತ್ತಿನ ನಂತರ ಅದೇ ಪೆಟ್ಟಿಗೆಯ ಮುಂದೆ ನಗಲು ಕೂರುತ್ತಿತ್ತು. ನಡೆಯುತ್ತಿರುವ ಯುದ್ಧವೊಂದನ್ನು ಜಾಹೀರಾತುಗಳ ನಡುವೆ ಪ್ರಶ್ನಿಸುವುದು ಯಾವ ವಾಹಿನಿಗೂ ಬೇಕಿರಲಿಲ್ಲ. ಇಪ್ಪತ್ತು ವರ್ಷ ಹಳೆಯದಾದ ಯುದ್ಧವಾದರೆ ಅಡ್ಡಿಯಿಲ್ಲ, ಅದೂ ನಗಿಸುವುದಾದರೆ ಮಾತ್ರ. ಧಾರಾವಾಹಿಯ ತೆರೆಮರೆಯಲ್ಲಿ ಹನ್ನೊಂದು ವರ್ಷ ನಡೆದದ್ದು ಈ 'ಮಾತ್ರ' ಎಂಬ ಪದದ ಕುರಿತ ಚೌಕಾಸಿ.

ಸಂಪ್ರದಾಯವಾದಿಯ ಕಾದಂಬರಿ, ಬಂಡುಕೋರನ ಚಿತ್ರ

'ಮ್ಯಾಶ್' ಎಂದರೆ 'ಮೊಬೈಲ್ ಆರ್ಮಿ ಸರ್ಜಿಕಲ್ ಹಾಸ್ಪಿಟಲ್', ಅಂದರೆ ಯುದ್ಧದ ಮುಂಚೂಣಿಯ ಸಮೀಪ ಡೇರೆಗಳಲ್ಲಿ ನಡೆಯುವ ಸಂಚಾರಿ ಶಸ್ತ್ರಚಿಕಿತ್ಸಾ ಆಸ್ಪತ್ರೆ. ಮುಂಚೂಣಿ ಸರಿದಂತೆ ಆಸ್ಪತ್ರೆಯೂ ಡೇರೆ ಕಿತ್ತು ಸರಿಯುತ್ತಿತ್ತು. ಗಾಯಾಳುಗಳನ್ನು ಪುಟ್ಟ ಹೆಲಿಕಾಪ್ಟರ್‌ಗಳ ಹೊರಬದಿಗೆ ಕಟ್ಟಿದ ಸ್ಟ್ರೆಚರ್‌ಗಳಲ್ಲಿ ಹೊತ್ತು ತರಲಾಗುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಆಸ್ಪತ್ರೆ ತಲುಪಿದ ಅಮೆರಿಕದ ಗಾಯಾಳುಗಳಲ್ಲಿ ಸುಮಾರು ಶೇ 4.5ರಷ್ಟು ಮಂದಿ ಸಾಯುತ್ತಿದ್ದರೆ ಕೊರಿಯಾದಲ್ಲಿ ಆ ಪ್ರಮಾಣ ಸುಮಾರು ಶೇ 2.5ಕ್ಕೆ ಇಳಿಯಿತು. ಅದರಲ್ಲಿ ಈ ಡೇರೆಗಳ ಪಾಲು ದೊಡ್ಡದು.

ಅಂಥದೊಂದು ಘಟಕದಲ್ಲಿ, 8055ನೇ ಮ್ಯಾಶ್‌ನಲ್ಲಿ, ಶಸ್ತ್ರವೈದ್ಯರಾಗಿದ್ದ ಎಚ್. ರಿಚರ್ಡ್ ಹಾರ್ನ್‌ಬರ್ಗರ್ ತಮ್ಮ ಅನುಭವಗಳನ್ನು ಕಾದಂಬರಿಯಾಗಿಸಿದರು. ಕ್ರೀಡಾ ಬರಹಗಾರ ಡಬ್ಲ್ಯು.ಸಿ. ಹೈಂಜ್ ಅವರ ನೆರವಿನಿಂದ ತಿದ್ದಿ, ರಿಚರ್ಡ್ ಹೂಕರ್ ಎಂಬ ಕಾವ್ಯನಾಮದಲ್ಲಿ 1968ರಲ್ಲಿ ಅದು ಪ್ರಕಟವಾಯಿತು. 1970ರಲ್ಲಿ ರಾಬರ್ಟ್ ಆಲ್ಟ್‌ಮನ್ ಅದನ್ನು ಚಲನಚಿತ್ರವಾಗಿಸಿದರು. ಚಿತ್ರಕತೆ ಬರೆದ ರಿಂಗ್ ಲಾರ್ಡ್ನರ್ ಜೂನಿಯರ್, ಕಮ್ಯುನಿಸ್ಟ್ ನಂಟಿನ ಆರೋಪದ ಮೇಲೆ ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ಜೈಲು ಕಂಡು ಬಂದವರು. ಈ ಚಿತ್ರಕತೆಗೆ ಅವರಿಗೆ ಆಸ್ಕರ್ ಬಂತು. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯೂ ಚಿತ್ರಕ್ಕೆ ದೊರೆಯಿತು. ಪ್ರೇಕ್ಷಕರು ವಿಯೆಟ್ನಾಂ ಎಂದೇ ಭಾವಿಸಲಿ ಎಂದು ಆಲ್ಟ್‌ಮನ್ ಕೊರಿಯಾದ ಉಲ್ಲೇಖಗಳನ್ನು ತೆಗೆದುಹಾಕಿದ್ದರು. ಗಾಬರಿಗೊಂಡ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆ ಆರಂಭದಲ್ಲೇ 'ಕೊರಿಯಾ' ಎಂಬ ಬರಹ ಹಾಕಿಸಿತು.

ಚಿತ್ರದ ಶೀರ್ಷಿಕೆ ಗೀತೆಯ ಪ್ರಸಂಗ ಸ್ವಾರಸ್ಯಕರ. ಜಾನಿ ಮ್ಯಾಂಡೆಲ್ ಅವರ ರಾಗಕ್ಕೆ ಸಾಹಿತ್ಯ ಬರೆದದ್ದು ನಿರ್ದೇಶಕರ 14 ವರ್ಷದ ಮಗ. ಚಿತ್ರ ನಿರ್ದೇಶಿಸಿದ್ದಕ್ಕೆ ತಮಗೆ 70 ಸಾವಿರ ಡಾಲರ್ ಸಿಕ್ಕಿತು, ಮಗನಿಗೆ ಗೀತೆಯ ಗೌರವಧನವಾಗಿ ಹತ್ತು ಲಕ್ಷ ಡಾಲರ್‌ಗೂ ಮಿಕ್ಕಿ ಬಂತು ಎಂದು ಆಲ್ಟ್‌ಮನ್ ಮುಂದೆ ಹೇಳಿಕೊಂಡಿದ್ದರು. ಗೀತೆಯ ವಿಷಯ ಆತ್ಮಹತ್ಯೆ. ಧಾರಾವಾಹಿಗೆ ಬರುವ ಹೊತ್ತಿಗೆ ಪದಗಳು ಮಾಯವಾಗಿ ರಾಗವಷ್ಟೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ.

ರಾಜಕೀಯವಾಗಿ ಸಂಪ್ರದಾಯವಾದಿಯಾಗಿದ್ದ ಹಾರ್ನ್‌ಬರ್ಗರ್‌ಗೆ ಧಾರಾವಾಹಿಯ ಯುದ್ಧವಿರೋಧಿ ಧಾಟಿ ಹಿಡಿಸಲಿಲ್ಲ. ಯುದ್ಧವಿರೋಧಿಯೇ ಆಗಿದ್ದ ಆಲ್ಟ್‌ಮನ್‌ಗೂ ಅದು ಹಿಡಿಸಲಿಲ್ಲ. ವಾರವಾರವೂ ಏಷ್ಯಾದ ಜನರನ್ನು ಶತ್ರುಗಳನ್ನಾಗಿ ಮನೆಯೊಳಗೆ ತರುವ ಕಾರ್ಯಕ್ರಮ ಎಂಬುದು ಅವರ ತಕರಾರು. ಎರಡು ತದ್ವಿರುದ್ಧ ಧ್ರುವಗಳಿಂದ ಬೈಸಿಕೊಂಡ ಕೃತಿ ಇದು.

ನಗು ಯಾರದು?

ಧಾರಾವಾಹಿಯ ರೂವಾರಿಗಳು ಇಬ್ಬರು: ಬರಹಗಾರ ಲ್ಯಾರಿ ಗೆಲ್ಬಾರ್ಟ್ ಮತ್ತು ನಿರ್ಮಾಪಕ ಜೀನ್ ರೆನಾಲ್ಡ್ಸ್. ಲಂಡನ್‌ನಲ್ಲಿ ನೆಲೆಸಿದ್ದ ಗೆಲ್ಬಾರ್ಟ್ ಮೊದಲ ಕಂತನ್ನು ಅಲ್ಲಿಂದಲೇ ಬರೆದರು. ನಾಯಕ ಹಾಕ್‌ಐ ಪಿಯರ್ಸ್ ಪಾತ್ರಕ್ಕೆ ಬಂದ ಅಲನ್ ಆಲ್ಡಾ ಆಗ ಯೂಟಾ ರಾಜ್ಯದ ಜೈಲೊಂದರಲ್ಲಿ ಬೇರೊಂದು ಚಿತ್ರದ ಚಿತ್ರೀಕರಣದಲ್ಲಿದ್ದರು. ಅಲ್ಲಿಂದ ಲಾಸ್ ಏಂಜಲೀಸ್‌ಗೆ ಬಂದು, ತಾಲೀಮಿನ ಹಿಂದಿನ ರಾತ್ರಿ ಇಬ್ಬರನ್ನೂ ಭೇಟಿಯಾದ ಅವರದು ಒಂದೇ ಶಂಕೆ: ಇದು ಸೈನಿಕರ ತುಂಟಾಟದ ಮತ್ತೊಂದು ಕಾರ್ಯಕ್ರಮವಾಗಿ, ಯುದ್ಧವೆಂದರೆ ಮೋಜು ಎಂಬಂತಾಗಬಾರದು. ರಕ್ತ ಕಾಣುವ ಶಸ್ತ್ರಚಿಕಿತ್ಸಾ ಕೊಠಡಿ ಧಾರಾವಾಹಿಯ ಕೇಂದ್ರದಲ್ಲಿರಬೇಕೆಂಬ ಒಮ್ಮತ ಅಂದು ಮೂಡಿತು.

ಆದರೆ ವಾಹಿನಿಯ ಷರತ್ತು ಬೇರೆಯಿತ್ತು. ಹಾಸ್ಯ ಕಾರ್ಯಕ್ರಮವೆಂದ ಮೇಲೆ ಹಿನ್ನೆಲೆಯಲ್ಲಿ ಪ್ರೇಕ್ಷಕರ ನಗು ಕೇಳಲೇಬೇಕು. ಮ್ಯಾಶ್‌ಗೆ ಎದುರು ಕುಳಿತ ಪ್ರೇಕ್ಷಕರೇ ಇರಲಿಲ್ಲ. ಅದು ಚಲನಚಿತ್ರದಂತೆ ಒಂದೇ ಕ್ಯಾಮೆರಾದಿಂದ ಚಿತ್ರೀಕರಣವಾಗುತ್ತಿತ್ತು. ಹಾಗಾಗಿ ನಗುವನ್ನು ಯಂತ್ರದಿಂದ ಸೇರಿಸಬೇಕಿತ್ತು. ಚಾರ್ಲಿ ಡಗ್ಲಸ್ ಎಂಬ ತಂತ್ರಜ್ಞ 1950ರ ದಶಕದಲ್ಲಿ ರೂಪಿಸಿದ ನಗುವಿನ ಪೆಟ್ಟಿಗೆ ಅಮೆರಿಕದ ಹಾಸ್ಯ ಕಾರ್ಯಕ್ರಮಗಳನ್ನೆಲ್ಲ ಆಳುತ್ತಿದ್ದ ಕಾಲ ಅದು. ಮುಗುಳ್ನಗುವಿನಿಂದ ಅಟ್ಟಹಾಸದವರೆಗೆ ಎಲ್ಲವೂ ಗುಂಡಿ ಒತ್ತಿದರೆ ಸಿದ್ಧ. ಕೊರಿಯಾದ ಬೆಟ್ಟದ ನಡುವಿನ ಡೇರೆಯಲ್ಲಿ ಇವರೆಲ್ಲ ಎಲ್ಲಿ ಕುಳಿತು ನಗುತ್ತಿದ್ದಾರೆ ಎಂಬ ಪ್ರಶ್ನೆಗೆ ವಾಹಿನಿಯ ಬಳಿ ಉತ್ತರವಿರಲಿಲ್ಲ.

ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಪೂರ್ತಿ ಗೆಲ್ಲಲಿಲ್ಲ, ಪೂರ್ತಿ ಸೋಲಲೂ ಇಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಗು ಕೇಳಿಸಕೂಡದು ಎಂಬ ಒಪ್ಪಂದವಾಯಿತು. ಡೇರೆಯ ಬಾಗಿಲಿನಿಂದ ಹೊರಗೆ ನಗು, ಒಳಗೆ ಮೌನ. ವರ್ಷ ಕಳೆದಂತೆ ನಗುವಿನ ಸದ್ದು ತಗ್ಗುತ್ತಾ ಬಂತು, ಕೆಲವು ಕಂತುಗಳು ನಗುವಿಲ್ಲದೆಯೇ ಪ್ರಸಾರವಾದವು. ಇದೇ ಧಾರಾವಾಹಿಯನ್ನು ಬ್ರಿಟನ್ನಿನ ಬಿಬಿಸಿ ಯಂತ್ರದ ನಗುವನ್ನು ತೆಗೆದು ಪ್ರಸಾರ ಮಾಡಿತು. ಸಾಗರದ ಆಚೆ ಈಚೆ ಇದ್ದವರು ನೋಡಿದ್ದು ಒಂದರ್ಥದಲ್ಲಿ ಎರಡು ಬೇರೆ ಬೇರೆ ಕೃತಿಗಳನ್ನು. 2002ರಿಂದ ಹೊರಬಂದ ಡಿವಿಡಿಗಳಲ್ಲಿ ನಗು ಬೇಕೋ ಬೇಡವೋ ಎಂಬ ಆಯ್ಕೆಯನ್ನು ನೋಡುಗರಿಗೇ ಬಿಡಲಾಯಿತು. ಎರಡನ್ನೂ ನೋಡಿದವರಿಗೆ ವ್ಯತ್ಯಾಸ ತಿಳಿಯದಿರದು. ನಗುವಿದ್ದಾಗ ಹಾಕ್‌ಐ ವಿದೂಷಕನಂತೆ ಕಾಣುತ್ತಾನೆ, ನಗುವಿಲ್ಲದಾಗ ಮಾತು ನಿಲ್ಲಿಸಿದರೆ ಕುಸಿದುಬೀಳುವ ಮನುಷ್ಯನಂತೆ.

ವಾಹಿನಿಯ ಕತ್ತರಿ ಬೇರೆಡೆಯೂ ಆಡುತ್ತಿತ್ತು. ಒಮ್ಮೆ ಸಂಭಾಷಣೆಯಲ್ಲಿದ್ದ 'ವರ್ಜಿನ್' ಎಂಬ ಪದಕ್ಕೆ ಆಕ್ಷೇಪ ಬಂತು. ಬರಹಗಾರರು ಸುಮ್ಮನೆ ಅದನ್ನು ತೆಗೆದು, ಮುಂದೊಂದು ಕಂತಿನಲ್ಲಿ ಗಾಯಾಳುವೊಬ್ಬನ ಊರನ್ನು ವರ್ಜಿನ್ ಐಲೆಂಡ್ಸ್ ಮಾಡಿದರು! ಗಂಭೀರವಾದ ತಗಾದೆಗಳೂ ಇದ್ದವು. ಮನೆಗೆ ಮರಳುವ ಆಸೆಯಿಂದ ಸೈನಿಕರು ರಾತ್ರಿಯ ಕೊರೆಯುವ ಚಳಿಯಲ್ಲಿ ನಿಂತು ಬೇಕೆಂದೇ ಕಾಯಿಲೆ ಬರಿಸಿಕೊಳ್ಳುವ ಕತೆಯನ್ನು ವಾಹಿನಿ ಒಪ್ಪಲಿಲ್ಲ. ಅದು ನಿಜವಾಗಿ ನಡೆದದ್ದೆಂದು ಗೆಲ್ಬಾರ್ಟ್ ಹೇಳಿದರೂ ಪ್ರಯೋಜನವಾಗಲಿಲ್ಲ. ಅದೇ ಹೊತ್ತಿನಲ್ಲಿ, ಸೇನೆಯಿಂದ ಬಿಡುಗಡೆ ಪಡೆಯಲು ಹೆಂಗಸರ ಉಡುಪು ತೊಟ್ಟು ತಿರುಗುವ ಕ್ಲಿಂಗರ್ ಪಾತ್ರ ಯಾರ ತಕರಾರೂ ಇಲ್ಲದೆ ಜನಪ್ರಿಯವಾಗಿತ್ತು. ಇಬ್ಬರ ಆಸೆಯೂ ಒಂದೇ. ಒಬ್ಬನದು ನಗಿಸುತ್ತಿತ್ತು, ಇನ್ನೊಬ್ಬನದು ನಗಿಸುತ್ತಿರಲಿಲ್ಲ, ವ್ಯತ್ಯಾಸ ಅಷ್ಟೇ. ಕ್ಲಿಂಗರ್ ಆಗಿ ನಟಿಸಿದ ಜೇಮಿ ಫಾರ್ ಒಂದು ದಿನದ ಕೆಲಸಕ್ಕೆಂದು ಬಂದು ಹನ್ನೊಂದು ವರ್ಷ ಉಳಿದವರು. ಕೊರಿಯಾ ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಯಲ್ಲಿ ಸ್ವತಃ ಸೇವೆ ಸಲ್ಲಿಸಿದ್ದ ಅವರು, ಧಾರಾವಾಹಿಯಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಿದ್ದುದು ತಮ್ಮದೇ ಸೇನಾ ಗುರುತುಬಿಲ್ಲೆಗಳನ್ನು.

ಕೊನೆಯ ಪುಟ

ಮೊದಲ ವರ್ಷ ಧಾರಾವಾಹಿಯ ಸ್ಥಾನ ವೀಕ್ಷಕರ ಪಟ್ಟಿಯಲ್ಲಿ 46. ಮುಚ್ಚುವ ಅಂಚಿನಲ್ಲಿದ್ದ ಅದನ್ನು ಎರಡನೇ ವರ್ಷ ಶನಿವಾರ ರಾತ್ರಿ, ಎರಡು ಜನಪ್ರಿಯ ಕಾರ್ಯಕ್ರಮಗಳ ನಡುವೆ ಕೂರಿಸಲಾಯಿತು. ಸ್ಥಾನ ನಾಲ್ಕಕ್ಕೆ ಜಿಗಿಯಿತು. ಜನಪ್ರಿಯತೆ ಬರಹಗಾರರಿಗೆ ಧೈರ್ಯ ಕೊಟ್ಟಿತು. ಅದರ ಪರಿಣಾಮ 1975ರ ಮಾರ್ಚ್ 18ರಂದು ಕಾಣಿಸಿತು.

ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಹೆನ್ರಿ ಬ್ಲೇಕ್ ಪಾತ್ರದ ಮೆಕ್ಲೀನ್ ಸ್ಟೀವನ್ಸನ್ ಧಾರಾವಾಹಿ ಬಿಡಲು ನಿರ್ಧರಿಸಿದ್ದರು. ಬ್ಲೇಕ್‌ಗೆ ಸೇನೆಯಿಂದ ಬಿಡುಗಡೆ ಸಿಕ್ಕಿ, ಎಲ್ಲರೂ ನಗುತ್ತಾ ಅಳುತ್ತಾ ಬೀಳ್ಕೊಡುವ ಕಂತು ಸಿದ್ಧವಾಯಿತು. ಚಿತ್ರೀಕರಣ ಮುಗಿಯಿತು ಎಂದುಕೊಂಡಿದ್ದ ಕಲಾವಿದರನ್ನು ಕರೆದು, ಅಲ್ಲಿಯವರೆಗೆ ಬಚ್ಚಿಟ್ಟಿದ್ದ ಕೊನೆಯ ಪುಟವನ್ನು ಕೈಗಿಡಲಾಯಿತು. ಅದರ ವಿಷಯ ಮೊದಲೇ ತಿಳಿದಿದ್ದುದು ನಟರಲ್ಲಿ ಆಲ್ಡಾ ಅವರಿಗೆ ಮಾತ್ರ. ಗುಮಾಸ್ತ ರೇಡಾರ್ ಶಸ್ತ್ರಚಿಕಿತ್ಸಾ ಕೊಠಡಿಗೆ ಬಂದು, ಬ್ಲೇಕ್ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಲಾಯಿತು, ಯಾರೂ ಉಳಿಯಲಿಲ್ಲ ಎಂದು ಓದುತ್ತಾನೆ. ವೈದ್ಯರು ಒಂದು ಕ್ಷಣ ತಡೆದು ಹೊಲಿಗೆ ಮುಂದುವರಿಸುತ್ತಾರೆ. ಆ ಮೌನದಲ್ಲಿ ಉಪಕರಣವೊಂದು ಕೈತಪ್ಪಿ ನೆಲಕ್ಕೆ ಬೀಳುವ ಸದ್ದು ಕೇಳಿಸುತ್ತದೆ. ಅದು ಬರೆದದ್ದಲ್ಲ, ಆಕಸ್ಮಿಕ. ಹಾಗೆಯೇ ಉಳಿಸಿಕೊಳ್ಳಲಾಯಿತು.

ವೀಕ್ಷಕರಿಂದ ಸಿಟ್ಟಿನ ಪತ್ರಗಳ ರಾಶಿಯೇ ಬಂತು. ಮಕ್ಕಳು ನೋಡುವ ಹಾಸ್ಯ ಕಾರ್ಯಕ್ರಮದಲ್ಲಿ ಇಂಥ ಸಾವೇಕೆ ಎಂಬುದು ಅವುಗಳ ಪ್ರಶ್ನೆ. ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್ ಕುಳಿತು ಉತ್ತರ ಬರೆದರು. ಯುದ್ಧದಲ್ಲಿ ಸಾಯುವವರು ಹೆಸರಿಲ್ಲದ ಪಾತ್ರಧಾರಿಗಳಷ್ಟೇ ಅಲ್ಲ, ಮನೆಗೆ ಹೊರಟವರೆಲ್ಲ ಮನೆ ತಲುಪುವುದಿಲ್ಲ ಎಂಬುದು ಅವರ ಸಮರ್ಥನೆಯಾಗಿತ್ತು. ಆ ಕಂತು ಪ್ರಸಾರವಾಗಿ ಆರು ವಾರಗಳಲ್ಲಿ, ಏಪ್ರಿಲ್ 30ರಂದು, ಸೈಗಾನ್ ಪತನವಾಯಿತು. ಮಗನ ಸಾವಿನ ತಂತಿ ಪಡೆದಿದ್ದ ಸಾವಿರಾರು ಮನೆಗಳಿಗೆ ರೇಡಾರ್ ಓದಿದ್ದು ಹಳೆಯ ಯುದ್ಧದ ಸುದ್ದಿಯಾಗಿ ಕೇಳಿಸಿರಲಾರದು.

ಕಟ್ಟುಕತೆಗೆ ಹೀಗೆ ಬಲ ಬಂದದ್ದರ ಹಿಂದೆ ವರದಿಗಾರಿಕೆಯ ಶ್ರಮವೂ ಇತ್ತು. ಕೊರಿಯಾದಲ್ಲಿ ದುಡಿದ ವೈದ್ಯರು, ನರ್ಸ್‌ಗಳು, ಪೈಲಟ್‌ಗಳನ್ನು ತಂಡ ವರ್ಷಗಟ್ಟಲೆ ಸಂದರ್ಶಿಸಿತು. ಗೆಲ್ಬಾರ್ಟ್, ರೆನಾಲ್ಡ್ಸ್ ದಕ್ಷಿಣ ಕೊರಿಯಾಕ್ಕೂ ಹೋಗಿ ಧ್ವನಿಮುದ್ರಿಕೆಗಳ ಕಟ್ಟು ಹೊತ್ತು ತಂದರು. ಅದರ ಅತ್ಯುತ್ತಮ ಫಲ 1976ರ ಫೆಬ್ರುವರಿಯಲ್ಲಿ ಪ್ರಸಾರವಾದ 'ದಿ ಇಂಟರ್‌ವ್ಯೂ' ಎಂಬ ಕಂತು. ಕಪ್ಪುಬಿಳುಪಿನಲ್ಲಿ, ನಗುವಿಲ್ಲದೆ ಚಿತ್ರಿತವಾದ ಅದರಲ್ಲಿ ನಿಜಜೀವನದ ಯುದ್ಧ ವರದಿಗಾರ ಕ್ಲೀಟ್ ರಾಬರ್ಟ್ಸ್ ಪಾತ್ರಗಳನ್ನು ಸಂದರ್ಶಿಸುತ್ತಾರೆ. ಕಲಾವಿದರ ಉತ್ತರಗಳಲ್ಲಿ ಅವರವರ ಸ್ವಂತ ಮಾತೂ ಸೇರಿತ್ತು. ಕಡು ಚಳಿಯಲ್ಲಿ ವೈದ್ಯರು ಹೊಟ್ಟೆ ಸೀಳಿದಾಗ ಒಳಗಿನಿಂದ ಆವಿ ಏಳುತ್ತದೆ, ಆ ಬಿಸಿಗೆ ಅವರು ಕೈ ಕಾಯಿಸಿಕೊಳ್ಳುತ್ತಾರೆ ಎಂದು ಪಾದ್ರಿ ಮುಲ್ಕಾಹಿ ಹೇಳುವ ಮಾತು ಯುದ್ಧವೈದ್ಯರೊಬ್ಬರ ಅನುಭವದಿಂದ ಬಂದದ್ದು. ಯಾವ ಬರಹಗಾರನೂ ಕೋಣೆಯಲ್ಲಿ ಕುಳಿತು ಕಲ್ಪಿಸಿಕೊಳ್ಳಲಾಗದ ವಿವರ ಅದು. ಅಂದಹಾಗೆ, ಕೊರಿಯಾದ ಆ ಚಳಿಯನ್ನು ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದ ಮಲಿಬು ಬೆಟ್ಟಗಳಲ್ಲಿ. ಸುಡುವ ಬಿಸಿಲಿನಲ್ಲಿ ದಪ್ಪ ಕೋಟು ತೊಟ್ಟು ನಡುಗುವುದು ನಟರ ದಿನನಿತ್ಯದ ಕಷ್ಟವಾಗಿತ್ತು.

ಕಲಾವಿದರ ಬದಲಾವಣೆಗಳ ಕತೆ ಸಾಕಷ್ಟು ಚರ್ವಿತಚರ್ವಣವಾಗಿದೆ. ಹಾಕ್‌ಐ ಪಾತ್ರದ ನೆರಳಿನಲ್ಲಿ ಉಳಿಯಲೊಲ್ಲದ ವೇಯ್ನ್ ರಾಜರ್ಸ್ ಮೂರನೇ ವರ್ಷದ ನಂತರ ಹೊರಟರು. ಸಂಸ್ಥೆ ಮೊಕದ್ದಮೆ ಹೂಡಿತು. ಅವರು ಕರಾರಿಗೆ ಸಹಿಯನ್ನೇ ಹಾಕಿರಲಿಲ್ಲ ಎಂಬುದು ಆಗ ಗೊತ್ತಾಯಿತು! ಐದನೇ ವರ್ಷದ ನಂತರ ಲ್ಯಾರಿ ಲಿನ್‌ವಿಲ್, ಎಂಟನೆಯದರಲ್ಲಿ ಗ್ಯಾರಿ ಬರ್ಗಾಫ್ ಹೊರನಡೆದರು. ಬಂದವರು ಹೋದವರಿಗಿಂತ ಕಡಿಮೆಯೇನಲ್ಲ ಎಂಬುದೇ ಧಾರಾವಾಹಿಯ ಅದೃಷ್ಟ.

ಹೆಚ್ಚು ಗಮನ ಬೇಡುವುದು ಇದ್ದು ಬದಲಾಯಿಸಿದವರ ಕತೆ. ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಉಳಿದ ಪ್ರಮುಖರು ಆಲ್ಡಾ ಮತ್ತು ಸ್ವಿಟ್ ಇಬ್ಬರೇ. ಸ್ವಿಟ್ ಪಾತ್ರಕ್ಕೆ ಆರಂಭದಲ್ಲಿದ್ದುದು ಅಶ್ಲೀಲ ಛಾಯೆಯ ಒಂದು ಅಡ್ಡಹೆಸರು ಮತ್ತು ನಗೆಪಾಟಲಾಗುವ ಕೆಲಸ. ಯುದ್ಧಭೂಮಿಯಲ್ಲಿ ನರ್ಸ್‌ಗಳನ್ನು ಮುನ್ನಡೆಸುವ ಮೇಜರ್ ದರ್ಜೆಯ ಅಧಿಕಾರಿ ಇಷ್ಟೇ ಇರಲು ಸಾಧ್ಯವೇ ಎಂದು ಅವರು ಬರಹಗಾರರನ್ನು ಬಿಡದೆ ಕೇಳಿದರು. ಅಡ್ಡಹೆಸರು ಕ್ರಮೇಣ ಮರೆಯಾಯಿತು, ಮಾರ್ಗರೆಟ್ ಉಳಿದಳು. ಅವರಿಗೆ ಎರಡು ಎಮ್ಮಿ ಪ್ರಶಸ್ತಿಗಳು ಬಂದವು. ಆಲ್ಡಾ ಒಂದೇ ಧಾರಾವಾಹಿಗೆ ನಟನೆ, ಬರವಣಿಗೆ, ನಿರ್ದೇಶನ ಮೂರಕ್ಕೂ ಎಮ್ಮಿ ಪಡೆದರು.

ಕಾಣದ ಕೊರಿಯಾ

ಇಷ್ಟೆಲ್ಲ ಸತ್ಯನಿಷ್ಠೆಯ ನಡುವೆಯೂ ಧಾರಾವಾಹಿಗೆ ಕಾಣದೆ ಹೋದದ್ದು ಬಹಳವಿದೆ. ಮೊದಲ ವರ್ಷ ಒಬ್ಬ ಕಪ್ಪುವರ್ಣೀಯ ಶಸ್ತ್ರವೈದ್ಯನ ಪಾತ್ರವಿತ್ತು. ಕೊರಿಯಾದ ಮ್ಯಾಶ್‌ಗಳಲ್ಲಿ ಕಪ್ಪುವರ್ಣೀಯ ಶಸ್ತ್ರವೈದ್ಯರೇ ಇರಲಿಲ್ಲ ಎಂಬ ನಂಬಿಕೆಯಿಂದ ಅದನ್ನು ಕೈಬಿಡಲಾಯಿತು. ಅಂಥ ವೈದ್ಯರು ಇದ್ದರೆಂಬುದು ಆಮೇಲೆ ತಿಳಿಯಿತು. ಕೊರಿಯನ್ನರ ಪಾಡು ಇನ್ನೂ ಶೋಚನೀಯ. ಹನ್ನೊಂದು ವರ್ಷ ಅವರ ನೆಲದಲ್ಲೇ ಕತೆ ನಡೆದರೂ ಅವರು ಬಹುತೇಕ ರೋಗಿಗಳು, ಅನಾಥ ಮಕ್ಕಳು, ಮನೆಗೆಲಸದವರು ಅಷ್ಟೇ. ಆ ಪಾತ್ರಗಳಲ್ಲಿ ಅನೇಕವನ್ನು ವಹಿಸಿದ್ದು ಚೀನಾ, ಜಪಾನ್ ಮೂಲದ ಅಮೆರಿಕನ್ ಕಲಾವಿದರು. ಆಲ್ಟ್‌ಮನ್ ತಕರಾರಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು.

ಆ ಯುದ್ಧದಲ್ಲಿ ಭಾರತವೂ ಇತ್ತು. ಭಾರತ ಅಲ್ಲಿಗೆ ಕಳುಹಿಸಿದ್ದು ಬಂದೂಕು ಹಿಡಿದ ಪಡೆಯನ್ನಲ್ಲ, ವೈದ್ಯರನ್ನು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರ್‌ನಲ್ಲಿ ಕೊರಿಯಾ ತಲುಪಿತು. ಪ್ಯೊಂಗ್ಯಾಂಗ್‌ನಿಂದ ಸೇನೆ ಹಿಮ್ಮೆಟ್ಟುವಾಗ ವಾಹನ ಸಿಗದೆ, ಹಳೆಯ ಉಗಿಬಂಡಿಯೊಂದನ್ನು ಹುಡುಕಿ ತಾವೇ ಓಡಿಸಿಕೊಂಡು ವೈದ್ಯಕೀಯ ಸಲಕರಣೆಗಳನ್ನು ಉಳಿಸಿ ತಂದವರು ಇವರು. 1951ರ ಮಾರ್ಚ್ 23ರಂದು ಅಮೆರಿಕದ ಪ್ಯಾರಾಚೂಟ್ ಪಡೆಯೊಂದಿಗೆ ಇವರ ಸಣ್ಣ ತಂಡವೂ ಮುನ್ಸಾನ್ ಬಳಿ ಆಕಾಶದಿಂದ ಜಿಗಿಯಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು. ಮ್ಯಾಶ್‌ನ ಬರಹಗಾರರ ಕೈಗೆ ಆ ಉಗಿಬಂಡಿಯ ಕತೆ ಸಿಕ್ಕಿದ್ದರೆ ಎರಡು ಕಂತುಗಳಿಗೆ ಸಾಕಾಗುತ್ತಿತ್ತು. ಕದನವಿರಾಮದ ನಂತರ, ತಾಯ್ನಾಡಿಗೆ ಮರಳಲು ಒಲ್ಲೆನೆಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಅಳಲು ಕೇಳುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಕೆ.ಎಸ್. ತಿಮ್ಮಯ್ಯ, ಮುಂದೆ ಭಾರತದ ಭೂಸೇನಾ ಮುಖ್ಯಸ್ಥರಾದವರು. ಅಮೆರಿಕದ ಡೇರೆಯೊಳಗಿಂದ ನೋಡಿದ ಕತೆಯಲ್ಲಿ ಯುದ್ಧದ ಈ ಮಗ್ಗುಲುಗಳಿಗೆ ಜಾಗ ಸಿಗದಿರುವುದು ಸಹಜವೇ.

ಮೂರು ವರ್ಷ ಒಂದು ತಿಂಗಳ ಯುದ್ಧದ ಮೇಲಿನ ಧಾರಾವಾಹಿ 1983ರ ಫೆಬ್ರುವರಿ 28ರಂದು ಎರಡೂವರೆ ಗಂಟೆಯ ಕಂತಿನೊಂದಿಗೆ ಮುಗಿಯಿತು. ಅದರಲ್ಲಿ ನಗುವಿನ ಯಂತ್ರವಿರಲಿಲ್ಲ. ಸದಾ ನಗಿಸುತ್ತಿದ್ದ ಹಾಕ್‌ಐ ಮನೋರೋಗ ಚಿಕಿತ್ಸಾಲಯದಲ್ಲಿರುತ್ತಾನೆ. ಶತ್ರುಗಳಿಗೆ ಸದ್ದು ಕೇಳಬಾರದೆಂದು ಬಸ್ಸಿನಲ್ಲಿ ತಾಯಿಯೊಬ್ಬಳು ತನ್ನ ಮಗುವಿನ ಉಸಿರುಗಟ್ಟಿಸಿದ್ದನ್ನು ಅವನ ಮನಸ್ಸು ಕೋಳಿಯ ಕತೆಯಾಗಿ ಬದಲಿಸಿಕೊಂಡಿರುತ್ತದೆ. ಆ ತಾಯಿ ಕೊರಿಯನ್ ಹೆಂಗಸು. ಹಾಸ್ಯ ಧಾರಾವಾಹಿಯ ಕೊನೆಯ ಕಂತಿನಲ್ಲಿ ಇದನ್ನು ಅಮೆರಿಕದಲ್ಲಿ ಸರಾಸರಿ 10 ಕೋಟಿ 59 ಲಕ್ಷ ಮಂದಿ ನೋಡಿದರು. 30 ಸೆಕೆಂಡಿನ ಜಾಹೀರಾತಿಗೆ ನಾಲ್ಕೂವರೆ ಲಕ್ಷ ಡಾಲರ್ ದರವಿತ್ತು. ಆ ವೀಕ್ಷಕರ ದಾಖಲೆಯನ್ನು 2010ರ ಸೂಪರ್ ಬೌಲ್ ಪಂದ್ಯ ಮುರಿಯಿತಾದರೂ, ಕಥಾ ಧಾರಾವಾಹಿಗಳ ಪೈಕಿ ಅಮೆರಿಕದಲ್ಲಿ ಅದನ್ನು ಮೀರಿದ ಕಂತಿಲ್ಲ.

ಆ ಕಂತಿನ ಕಾಡ್ಗಿಚ್ಚು ಸಹ ನಿಜದ್ದೇ. 1982ರ ಅಕ್ಟೋಬರ್‌ನಲ್ಲಿ ಮಲಿಬುವಿನ ಹೊರಾಂಗಣ ಸೆಟ್ ಬೆಂಕಿಗೆ ಬಹುಪಾಲು ಆಹುತಿಯಾದಾಗ ಅದನ್ನೇ ಕತೆಯೊಳಗೆ ತರಲಾಯಿತು. ಚಿತ್ರೀಕರಣದ ಕೊನೆಯ ದಿನಗಳಲ್ಲಿ ಕಲಾವಿದರು ಪಾತ್ರಗಳ ವಸ್ತುಗಳನ್ನು ಪೆಟ್ಟಿಗೆಯೊಂದರಲ್ಲಿಟ್ಟು, ನೂರು ವರ್ಷದ ನಂತರ ಯಾರಿಗಾದರೂ ಸಿಗಲೆಂದು ಸ್ಟುಡಿಯೋ ಆವರಣದಲ್ಲಿ ಹೂತರು. ಹೆಚ್ಚು ಕಾಲ ಕಳೆಯುವ ಮೊದಲೇ ಕಟ್ಟಡ ಕಾರ್ಮಿಕನೊಬ್ಬನಿಗೆ ಅದು ಸಿಕ್ಕಿತು. ಏನು ಮಾಡಲೆಂದು ಆತ ಕೇಳಿದಾಗ ನೀನೇ ಇಟ್ಟುಕೋ ಎಂದರಂತೆ ಆಲ್ಡಾ. ಆತನಿಗೆ ಅದರಿಂದ ವಿಶೇಷ ಸಂತೋಷವೇನೂ ಆದಂತೆ ಕಾಣಲಿಲ್ಲವಂತೆ!

ಅಮೆರಿಕದ ಸೇನೆಯಲ್ಲಿ ಉಳಿದಿದ್ದ ಕೊನೆಯ ಮ್ಯಾಶ್, 212ನೇ ಘಟಕ, 2005ರ ಅಕ್ಟೋಬರ್‌ನ ಭೂಕಂಪದ ನಂತರ ಪಾಕ್ ಆಕ್ರಮಿತ ಕಾಶ್ಮೀರದ ಮುಜಫ್ಫರಾಬಾದ್‌ನಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿತು. 2006ರ ಆರಂಭದಲ್ಲಿ ಡೇರೆ, ಉಪಕರಣಗಳನ್ನೆಲ್ಲ ಪಾಕಿಸ್ತಾನಕ್ಕೆ ಬಿಟ್ಟುಕೊಟ್ಟು ಹಿಂತಿರುಗಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೇನೆ ಮ್ಯಾಶ್ ಎಂಬ ಹೆಸರನ್ನೇ ಕೈಬಿಟ್ಟಿತು. ಧಾರಾವಾಹಿಯ ಕೊನೆಯ ಕಂತಿನಲ್ಲಿ ಧ್ವನಿವರ್ಧಕ ಘೋಷಿಸಿದ ಕದನವಿರಾಮಕ್ಕೆ ಪನ್‌ಮುಂಜಾಮ್‌ನಲ್ಲಿ ಸಹಿ ಬಿದ್ದದ್ದು 1953ರ ಜುಲೈ 27ರಂದು. ಎರಡು ಕೊರಿಯಾಗಳ ನಡುವೆ ಇಂದಿಗೂ ಇರುವುದು ಆ ಕಾಗದವೊಂದೇ, ಶಾಂತಿ ಒಪ್ಪಂದವಾಗಿಲ್ಲ.